ಶಿರಸ್ತ್ರಾಣದೊಳಗಿನ ಲೋಕ

ಹತ್ತು ಸಾವಿರ ಮಂದಿ ಒಂದೇ ದಿನ ಒಂದೇ ಆಟಕ್ಕೆ ಕುಳಿತಿದ್ದಾರೆ. ಅವರು ಧರಿಸಿದ ಶಿರಸ್ತ್ರಾಣವು ಕಣ್ಣು ಕಿವಿಗಳನ್ನಷ್ಟೇ ಅಲ್ಲ, ಸ್ಪರ್ಶ ರುಚಿಗಳನ್ನೂ ತನ್ನ ವಶಕ್ಕೆ ತೆಗೆದುಕೊಂಡು, ಕಂಪ್ಯೂಟರು ಸೃಷ್ಟಿಸಿದ ನೂರು ಅಂತಸ್ತಿನ ಕೋಟೆಯೊಂದರಲ್ಲಿ ಅವರನ್ನು ನಡೆದಾಡಿಸುತ್ತಿದೆ. ಸಂಜೆಯಾಗುತ್ತದೆ, ಮರಳಬೇಕೆಂದರೆ ಹೊರಬರುವ ಗುಂಡಿಯೇ ಮಾಯವಾಗಿದೆ! ಆಗ ಕೆಂಪು ನಿಲುವಂಗಿಯ, ಮುಖವಿಲ್ಲದ ಬೃಹದಾಕೃತಿಯೊಂದು ಆಗಸದಲ್ಲಿ ಮೂಡಿ ಸಾರುತ್ತದೆ: ನೂರನೆಯ ಅಂತಸ್ತನ್ನು ಗೆಲ್ಲುವ ತನಕ ಯಾರಿಗೂ ಬಿಡುಗಡೆಯಿಲ್ಲ, ಆಟದಲ್ಲಿ ಸತ್ತವರು ನಿಜವಾಗಿಯೂ ಸಾಯುತ್ತಾರೆ, ಹೊರಗಿನವರು ಶಿರಸ್ತ್ರಾಣವನ್ನು ಕಳಚಿದರೂ ಅದೇ ಗತಿ. ಮನೆಯವರು ಗಾಬರಿಯಿಂದ ಕಳಚಿದ್ದರ ಫಲವಾಗಿ ಆಗಲೇ 213 ಮಂದಿ ಮಡಿದಿದ್ದಾರೆ.

ಮಕ್ಕಳ ಕೈಯಿಂದ ಮೊಬೈಲನ್ನು ಕಿತ್ತುಕೊಂಡು ಬಲ್ಲ ತಾಯಿತಂದೆಗಳಿಗೆ ಈ ಸಂಖ್ಯೆ ಕೊಂಚ ಚುಚ್ಚೀತು.

ಇದು ಜಪಾನಿನ ‘ಸ್ವೋರ್ಡ್ ಆರ್ಟ್ ಆನ್‌ಲೈನ್’ ಎಂಬ ಅನಿಮೆ ಸರಣಿಯ ಆರಂಭ. ಮೂಲಕಥೆಯನ್ನು ಕವಾಹಾರ ರೇಕಿ ಎಂಬವರು ಕಾದಂಬರಿ ಸ್ಪರ್ಧೆಯೊಂದಕ್ಕೆಂದು ಬರೆದರು. ಪುಟಗಳ ಮಿತಿ ಮೀರಿದ್ದರಿಂದ ಕಳುಹಿಸದೆ 2002ರಲ್ಲಿ ಅಂತರಜಾಲದಲ್ಲಿ ಪ್ರಕಟಿಸತೊಡಗಿದರು. 2009ರಲ್ಲಿ ಅದು ಪುಸ್ತಕವಾಯಿತು, 2012ರಲ್ಲಿ ಟೆಲಿವಿಷನ್ನಿಗೆ ಬಂದಿತು. ಧಾರಾವಾಹಿಗಳಿಗಾಗಿ ಕಾಯಬಲ್ಲ ವಾಚಕರಿಗೆ ಇಂಥ ಹುಟ್ಟು ಅಪರಿಚಿತವೇನಲ್ಲ.

ಖಡ್ಗಯುದ್ಧಗಳನ್ನೇ ಇದರ ಸಾರವೆಂದು ತಿಳಿದವರು ಮುಖ್ಯವಾದುದನ್ನು ಬಿಟ್ಟಂತೆ. ಕಿರಿತೊ ಮತ್ತು ಅಸುನಾ ಎಂಬ ತರುಣ ತರುಣಿಯರು ಇಪ್ಪತ್ತೆರಡನೆಯ ಅಂತಸ್ತಿನಲ್ಲಿ ಮರದ ಮನೆಯೊಂದನ್ನು ಕೊಂಡು ಸಂಸಾರ ಹೂಡುತ್ತಾರೆ. ಆತ ಕೆರೆಯಲ್ಲಿ ಗಾಳ ಹಾಕುತ್ತಾನೆ; ಆಕೆ ಆ ಲೋಕದ ಪದಾರ್ಥಗಳನ್ನೇ ಬೆರಸಿ, ಪರೀಕ್ಷಿಸಿ, ಊರಿನ ಸೋಯಾ ಸಾಸಿನ ರುಚಿಯನ್ನು ಮರಳಿ ಪಡೆದಿದ್ದಾಳೆ. ಅವರ ದೇಹಗಳು ಮಾತ್ರ ಎಲ್ಲಿಯೋ ಆಸ್ಪತ್ರೆಯ ಮಂಚಗಳ ಮೇಲೆ ಮಲಗಿವೆ. ಹಾಗಾದರೆ ಆ ದಾಂಪತ್ಯ ಸುಳ್ಳೆ?

ಯೋಗವಾಸಿಷ್ಠದ ಲವಣರಾಜನನ್ನು ಇಲ್ಲಿ ನೆನೆಯದಿರಲಾಗದು. ಐಂದ್ರಜಾಲಿಕನು ನವಿಲುಗರಿಯ ಕುಂಚವನ್ನು ಬೀಸಿದ ಅಲ್ಪಕಾಲದಲ್ಲಿ ದೊರೆಯು ಕಾಡಿನ ಹಟ್ಟಿಯೊಂದರಲ್ಲಿ ಮದುವೆಯಾಗಿ, ಮಕ್ಕಳನ್ನು ಪಡೆದು, ಬರಗಾಲದಲ್ಲಿ ಬೆಂದು, ಕಣ್ದೆರೆದರೆ ಮತ್ತೆ ಸಿಂಹಾಸನದ ಮೇಲೆಯೇ ಇದ್ದಾನೆ. ಆದರೆ ಆ ಹಟ್ಟಿಯನ್ನು ಹುಡುಕಿ ಹೊರಟಾಗ ಅದು ನಿಜವಾಗಿಯೂ ಕಾಣುತ್ತದೆ, ಅತ್ತೆ ಅಳುತ್ತಿದ್ದಾಳೆ! ಜಪಾನೀ ಕಥೆಗಾರರು ಈ ಗ್ರಂಥವನ್ನು ಓದಿದ್ದರೆಂದು ನಾನು ಹೇಳುತ್ತಿಲ್ಲ. ಅನುಭವಿಸಿದ ದುಃಖವನ್ನು ಮಾಯೆಯೆಂದು ತಳ್ಳಿಹಾಕಲು ಅವರಿಗೂ ಮನಸ್ಸು ಬರಲಿಲ್ಲ, ಅಷ್ಟೆ. ಸರಣಿಯ ಉತ್ತರಾರ್ಧವು ಇಷ್ಟು ಗಟ್ಟಿಯಾಗಿಲ್ಲ. ಖಡ್ಗ ಹಿಡಿದು ಹೋರಾಡಿದ ಅಸುನಾಳನ್ನು ಪಂಜರದ ಗಿಣಿಯಾಗಿಸಿದ್ದು ನನಗೆ ಒಪ್ಪಿಗೆಯಾಗಲಿಲ್ಲ.

ಇದರ ನಿರ್ದೇಶಕ ಇತೊ ತೊಮೊಹಿಕೊ ಹಿಂದೆ ಹೊಸೊದಾ ಮಮೊರು ಅವರ ‘ಸಮ್ಮರ್ ವಾರ್ಸ್’ (2009) ಚಿತ್ರದಲ್ಲಿ ಸಹಾಯಕರಾಗಿದ್ದವರು. ಮನೆಮಂದಿಯೆಲ್ಲ ಕೂಡಿ ನೋಡಬೇಕಾದ ಚಿತ್ರವದು. ನಾಗಾನೊ ಪ್ರಾಂತದ ಉಎದಾದಲ್ಲಿ ಅಜ್ಜಿಯ ತೊಂಬತ್ತನೆಯ ಹುಟ್ಟುಹಬ್ಬಕ್ಕೆ ದೊಡ್ಡ ಕುಟುಂಬವೊಂದು ನೆರೆದಿದೆ. ಅದೇ ವೇಳೆಗೆ ಜಗತ್ತಿನ ವ್ಯವಹಾರಗಳೆಲ್ಲ ನಡೆಯುವ ‘ಓಜ್’ ಎಂಬ ಕಂಪ್ಯೂಟರ್ ಲೋಕಕ್ಕೆ ದುಷ್ಟ ಕೃತಕ ಬುದ್ಧಿಯೊಂದು ನುಗ್ಗುತ್ತದೆ. ಸಂಚಾರ ದೀಪಗಳೂ ದಿಕ್ಕುಗೆಡುತ್ತವೆ. ಅಜ್ಜಿ ಏನು ಮಾಡಬೇಕು? ಬೆರಳಿನಿಂದ ತಿರುಗಿಸುವ ಹಳೆಯ ಕಪ್ಪು ಟೆಲಿಫೋನಿನ ಮುಂದೆ ಕುಳಿತು, ಬಲ್ಲವರಿಗೆಲ್ಲ ಒಬ್ಬೊಬ್ಬರಾಗಿ ಕರೆಮಾಡಿ, ಗದರಿಸಿ, ಧೈರ್ಯ ತುಂಬುತ್ತಾಳೆ. ಕೊನೆಯ ಕಾಳಗ ನಡೆಯುವುದು ಆಕೆ ಮನೆಯವರಿಗೆ ಕಲಿಸಿದ ಹೂವಿನ ಎಲೆಗಳ ಇಸ್ಪೀಟಾಟದಲ್ಲಿ. ಮರಿಮಗಳು ಸೋಲುವ ಹಂತದಲ್ಲಿದ್ದಾಗ ಜರ್ಮನಿಯ ಬಾಲಕನೊಬ್ಬನು ತನ್ನ ಖಾತೆಯನ್ನು ಪಣಕ್ಕಿಡಲು ಕೊಡುತ್ತಾನೆ. ಅವನ ಹಿಂದೆ ಕೋಟ್ಯಂತರ ಮಂದಿ.

ಇಂಥ ಚಿತ್ರಗಳು ಹೊರದೇಶಗಳಿಗೆ ಹೋದುದು ಆಕಸ್ಮಿಕವಲ್ಲ. ಮಿಯಾಜಾಕಿಯವರ ‘ಸ್ಪಿರಿಟೆಡ್ ಅವೇ’ 2002ರಲ್ಲಿ ಬರ್ಲಿನ್ನಿನ ಸ್ವರ್ಣಭಲ್ಲೂಕವನ್ನೂ 2003ರಲ್ಲಿ ಆಸ್ಕರನ್ನೂ ಗೆದ್ದು ದಾರಿ ಮಾಡಿತು. ಹೊಸೊದಾರ ‘ಬೆಲ್’ 2021ರಲ್ಲಿ ಕಾನ್ ಉತ್ಸವವನ್ನು ತಲಪಿತು. ಭಾರತದಲ್ಲಂತೂ ಪ್ರೇಕ್ಷಕರೇ ಕೇಳಿ ಪಡೆದರು: ಐವತ್ತು ಸಾವಿರಕ್ಕೂ ಮಿಕ್ಕಿ ಜನ ಮನವಿಗೆ ಸಹಿ ಹಾಕಿದ ಮೇಲೆ 2019ರ ಅಕ್ಟೋಬರಿನಲ್ಲಿ ಶಿಂಕಾಯ್ ಮಕೊತೊ ಅವರ ‘ವೆದರಿಂಗ್ ವಿತ್ ಯು’ ಚಿತ್ರಮಂದಿರಗಳಿಗೆ ಬಂದಿತು. 2025ರ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್’ ಮಾಲೆಯ ಹೊಸ ಚಿತ್ರವು ಜಪಾನೀ, ಇಂಗ್ಲಿಷುಗಳಲ್ಲದೆ ಹಿಂದಿ, ತಮಿಳು, ತೆಲುಗುಗಳಲ್ಲಿಯೂ ಮಾತನಾಡಿತು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಬೆಂಗಳೂರಿನ ಮಕ್ಕಳೇನೋ ಇಂಗ್ಲಿಷ್ ಅಡಿಬರಹವನ್ನು ಓದಿಕೊಂಡು ನೋಡಿಯಾರು. ಕನ್ನಡ ಮಾತ್ರ ಬಲ್ಲ ಅಜ್ಜಿ ಅವರೊಡನೆ ಹೋಗುವಂತಿರಲಿಲ್ಲ.