ಓಬಳಾಪುರದ ಸಿಂಹ, ವೀರಾಪುರದ ಕೊಕ್ಕರೆ: ಯೋಗಕ್ಕೆ ಇವರೇ ಮೇಷ್ಟ್ರು

ಓಬಳಾಪುರ ಅಂದ ಕೂಡಲೇ ಹೊರಗಿನವರಿಗೆ ನೆನಪಾಗೋದು ಕಬ್ಬಿಣದ ಅದಿರು, ಕೆಂಪು ದೂಳು, ಕೋರ್ಟು-ಕಚೇರಿ. ಆದರೆ ಊರಿನ ಹೆಸರನ್ನೇ ಸ್ವಲ್ಪ ಬಿಡಿಸಿ ನೋಡಿ. ಓಬಳ ಎಂದರೆ ಅಹೋಬಲ. ಅಹೋಬಲ ಎಂದರೆ ನರಸಿಂಹ. ಅರ್ಧ ಮನುಷ್ಯ, ಅರ್ಧ ಸಿಂಹ. ಹಿರಣ್ಯಕಶಿಪುವಿನ ಹೊಟ್ಟೆ ಬಗೆದ ಅದೇ ಉಗ್ರಮೂರ್ತಿ ಮೇಲುಕೋಟೆಯ ಬೆಟ್ಟದ ಮೇಲೆ ಮೊಣಕಾಲಿಗೆ ಯೋಗಪಟ್ಟಿ ಬಿಗಿದುಕೊಂಡು ತಣ್ಣಗೆ ಕೂತಿದ್ದಾನೆ. ಅಲ್ಲಿ ಅವನು ಯೋಗಾನರಸಿಂಹ. ಮೃಗದ ಸಿಟ್ಟೂ ಒಂದು ದಿನ ಆಸನ ಹಾಕಿ ಕೂರಬಲ್ಲುದು ಎಂದು ನಮ್ಮ ಹಿರಿಯರು ಕಲ್ಲಲ್ಲೇ ಕಡೆದಿಟ್ಟರು.

2015ರಿಂದ ಜೂನ್ 21 ವಿಶ್ವ ಯೋಗ ದಿನ. ಗಡಿಯ ಈಚೆ ಆಚೆ ಎರಡೂ ಕಡೆ ಶಾಲೆ ಮಕ್ಕಳು ಸಾಲಾಗಿ ಕೂತು ಭುಜಂಗಾಸನ, ಶಲಭಾಸನ ಮಾಡುತ್ತಾರೆ. ಭುಜಂಗ ಅಂದರೆ ಹಾವು ಎಂದು ಎಲ್ಲರಿಗೂ ಗೊತ್ತು. ಶಲಭ ಅಂದರೆ ಮಿಡತೆ ಎಂದು ಎಷ್ಟು ಮಕ್ಕಳಿಗೆ ಗೊತ್ತು? ಯೋಗ ಹುಟ್ಟಿದ್ದು ಹಾಲ್‌ನಲ್ಲಿ ಹಾಸಿದ ಚಾಪೆಯ ಮೇಲಲ್ಲ. ಹೊಲ, ಕೆರೆ, ಗುಡ್ಡ ನೋಡುತ್ತಾ ಕೂತವರು ಅದನ್ನು ಕಂಡುಕೊಂಡರು.

ಹಳೆಯ ಗ್ರಂಥಗಳೇ ಇದಕ್ಕೆ ಸಾಕ್ಷಿ. ಪತಂಜಲಿಯ ಯೋಗಸೂತ್ರಕ್ಕೆ ಬರೆದ ವ್ಯಾಸಭಾಷ್ಯದಲ್ಲಿ ಕ್ರೌಂಚ ಪಕ್ಷಿ, ಆನೆ, ಒಂಟೆ ಕೂರುವ ಹಾಗೆ ಕೂರುವ ಭಂಗಿಗಳ ಹೆಸರಿವೆ. ಘೇರಂಡ ಸಂಹಿತೆ ಇನ್ನೂ ಮುಂದೆ ಹೋಗುತ್ತದೆ. ಲೋಕದಲ್ಲಿ ಎಷ್ಟು ಜೀವಜಾತಿಗಳೋ ಅಷ್ಟು ಆಸನ, ಅಂದರೆ 84 ಲಕ್ಷ. ಅದರಲ್ಲಿ 84 ಉತ್ತಮ, ಮನುಷ್ಯರಿಗೆ 32 ಸಾಕು ಎಂಬುದು ಅದರ ಲೆಕ್ಕ. ಆ 32ರಲ್ಲಿ ಸಿಂಹ, ಮೀನು, ನವಿಲು, ಹುಂಜ, ಆಮೆ, ಕಪ್ಪೆ, ಗರುಡ, ಎತ್ತು, ಮಿಡತೆ, ಮೊಸಳೆ, ಒಂಟೆ, ಹಾವು ಎಲ್ಲ ಇವೆ. ಮರವೂ ಇದೆ. ಒಂಟೆ, ಸಿಂಹ ಬಿಟ್ಟರೆ ಹೆಚ್ಚಿನವು ರೈತ ದಿನಾ ನೋಡುವ, ಇಲ್ಲವೇ ಕೇಳಿ ಬಲ್ಲ ಪ್ರಾಣಿಗಳೇ.

ಈ ವಿದ್ಯೆ ನಮಗೆ ದೂರದ್ದೂ ಅಲ್ಲ. ಮಡಕಶಿರಾ ಪಕ್ಕದ ಹೇಮಾವತಿ ಒಂದು ಕಾಲಕ್ಕೆ ನೊಳಂಬರ ರಾಜಧಾನಿ ಹೆಂಜೇರು. ಅಲ್ಲಿಯ ಸಿದ್ಧೇಶ್ವರ ಲಿಂಗವಲ್ಲ, ಮನುಷ್ಯರೂಪದಲ್ಲಿ ಧ್ಯಾನಕ್ಕೆ ಕೂತ ಶಿವ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ವನಿಧಿ’ಯಲ್ಲಿ 122 ಆಸನಗಳ ಚಿತ್ರಗಳಿವೆ. ಲೋಕಕ್ಕೆಲ್ಲ ಯೋಗಗುರು ಎನಿಸಿದ ತಿರುಮಲೈ ಕೃಷ್ಣಮಾಚಾರ್ಯರು 1888ರಲ್ಲಿ ಹುಟ್ಟಿದ್ದು ಪಕ್ಕದ ಚಿತ್ರದುರ್ಗ ಜಿಲ್ಲೆಯಲ್ಲಿ. 1934ರಲ್ಲಿ ‘ಯೋಗ ಮಕರಂದ’ ಬರೆದದ್ದು ಕನ್ನಡದಲ್ಲಿ. ಅದೇ ಜಿಲ್ಲೆಯ ಮಲ್ಲಾಡಿಹಳ್ಳಿಯಲ್ಲಿ, 1996ರಲ್ಲಿ ತೀರಿಕೊಂಡ ರಾಘವೇಂದ್ರ ಸ್ವಾಮೀಜಿ ಹಳ್ಳಿಯವರಿಗೆಲ್ಲ ಆಸನ ಕಲಿಸಿದರು.

ಇನ್ನು ಧ್ಯಾನದ ಮಾತು. ಆಮೆ ಕೈಕಾಲು ಒಳಗೆಳೆದುಕೊಳ್ಳುವ ಹಾಗೆ ಇಂದ್ರಿಯಗಳನ್ನು ಒಳಗೆಳೆದುಕೊಂಡವನ ಬುದ್ಧಿ ಗಟ್ಟಿ ಎನ್ನುತ್ತದೆ ಗೀತೆ. ಆಮೆಯನ್ನು, ನಮ್ಮ ತೆಲುಗು ಮಂದಿ ಹೇಳೋ ‘ತಾಬೇಲು’ವನ್ನು, ಕಾಲುವೆ ದಂಡೆಯಲ್ಲಿ ಮುಟ್ಟಿ ನೋಡಿದವರಿಗೆ ಇದಕ್ಕೆ ಟೀಕೆ ಬೇಡ. ಅದು ಅವಯವ ಕತ್ತರಿಸಿಕೊಳ್ಳೋದಿಲ್ಲ, ಒಳಗಿಟ್ಟುಕೊಳ್ಳುತ್ತೆ. ಅಪಾಯ ಕಳೆದ ಮೇಲೆ ಮತ್ತೆ ಹೊರಗೆ ಚಾಚಿ ನಡೆಯುತ್ತೆ. ಸಂಸಾರ ಮಾಡೋರಿಗೂ ಹೊಂದುವ ಯೋಗ ಇದು.

ಹಾಗಂತ ಪ್ರಾಣಿಯನ್ನು ಅನುಕರಿಸಿದವರೆಲ್ಲ ಯೋಗಿಗಳಲ್ಲ. ಕನ್ನಡದಲ್ಲಿ ‘ಬಕಧ್ಯಾನ’ ಅಂತೀವಿ, ತೆಲುಗಿನಲ್ಲಿ ‘ಕೊಂಗ ಜಪಂ’. ಒಂಟಿ ಕಾಲಲ್ಲಿ ಕಣ್ಣು ಮುಚ್ಚಿ ನಿಂತ ಕೊಕ್ಕರೆಯ ಗಮನವೆಲ್ಲ ಮೀನಿನ ಮೇಲೇ! ಪಲ್ಲವರ ಮಾಮಲ್ಲಪುರದ ದೊಡ್ಡ ಬಂಡೆಯ ಮೇಲೆ ತಪಸ್ಸಿಗೆ ನಿಂತ ಬೆಕ್ಕಿದೆ, ಕಾಲ ಬುಡದಲ್ಲಿ ಇಲಿಗಳು. ಭಂಗಿ ಒಂದೇ, ಬಯಕೆ ಬೇರೆ. ಎರಡು ಭಾಷೆಯ ಜನವೂ ಒಂದೇ ಹಕ್ಕಿಯನ್ನು ನೋಡಿ ಒಂದೇ ಎಚ್ಚರಿಕೆ ಹೇಳಿದ್ದಾರೆ. ಆದರೂ ಹಿಂದೂಪುರ ಕಡೆಯ ವೀರಾಪುರದ ಜನ ಪ್ರತಿವರ್ಷ ಊರ ಮರಗಳಿಗೆ ಗೂಡು ಕಟ್ಟಲು ಬರುವ ಬಣ್ಣದ ಕೊಕ್ಕರೆಗಳನ್ನು ಓಡಿಸೋದಿಲ್ಲ, ಕಾಪಾಡುತ್ತಾರೆ.

ವ್ಯಾಪಾರಿಗಳಿಗೆ ಹೇಳಬೇಕಾದ ಕಥೆಯೊಂದಿದೆ. ಭಾಗವತದ 11ನೇ ಸ್ಕಂಧದಲ್ಲಿ ಒಬ್ಬ ಅವಧೂತ ತನಗೆ 24 ಗುರುಗಳು ಎನ್ನುತ್ತಾನೆ. ಭೂಮಿ, ಗಾಳಿ, ನೀರು, ಹೆಬ್ಬಾವು, ಜಿಂಕೆ, ಜೇಡ ಎಲ್ಲ ಆ ಪಟ್ಟಿಯಲ್ಲಿವೆ. ಜೇನುಹುಳ ಎರಡು ಪಾಠ ಕಲಿಸಿತಂತೆ: ಹೂವು ಬಾಡದ ಹಾಗೆ ಸ್ವಲ್ಪ ಸ್ವಲ್ಪವೇ ತಗೋ, ಕೂಡಿಟ್ಟರೆ ಇನ್ನೊಬ್ಬ ಬಂದು ಬಿಡಿಸಿಕೊಂಡು ಹೋಗ್ತಾನೆ. ಮಂಡಿಯ ಗೋದಾಮಿನಲ್ಲಿ ರೇಟು ಏರಲಿ ಎಂದು ಮೂಟೆ ಪೇರಿಸಿಟ್ಟವರು ಎರಡನೆಯದನ್ನು ಚೆನ್ನಾಗಿ ಬಲ್ಲರು. ಕಣ್ಣು ಮುಚ್ಚಿ ಜೇನಿನಂತೆ ಗುಂಯ್‌ಗುಡುವ ಭ್ರಾಮರಿ ಪ್ರಾಣಾಯಾಮಕ್ಕೂ ಆ ಹುಳವೇ ಮೂಲ.

ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರು ದಿನವೆಲ್ಲ ಮಿಷನ್ ಮುಂದೆ ಬಗ್ಗಿ ಕೂರುತ್ತಾರೆ. ಕಡಲೆಕಾಯಿ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳದ್ದೂ ಅದೇ ಬೆನ್ನು. ಮುಂದೆ ಬಾಗಿದ ಬೆನ್ನನ್ನು ಹಿಂದಕ್ಕೆ ಬಾಗಿಸುವುದೇ ಹಾವಿನ ಹೆಡೆಯ ಭುಜಂಗಾಸನ. ಆದರೆ ಗರ್ಭಿಣಿಯರು, ಹರ್ನಿಯಾ ಇದ್ದವರು, ಬೆನ್ನಿಗೆ ಪೆಟ್ಟಾದವರು ವೈದ್ಯರನ್ನು ಕೇಳದೆ ಮಾಡಬಾರದು. ಇಡೀ ಮೈಯನ್ನು ಎರಡು ಕೈ ಮೇಲೆ ತೂಗುವ ಮಯೂರಾಸನವಂತೂ ಬಲ್ಲ ಗುರುವಿನ ಎದುರಲ್ಲೇ ಆಗಬೇಕು.

ಈಗ ನಿಜವಾದ ಚಿಂತೆಗೆ ಬರೋಣ. ಮೇಷ್ಟ್ರುಗಳ ಹೆಸರು ಉಳಿದಿದೆ, ಮೇಷ್ಟ್ರುಗಳು ಉಳಿದಾರೆಯೇ? ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ಸೀಮೆ ನಮ್ಮದು. ಕೆರೆ ಒಣಗಿದರೆ ಆಮೆ ಇಲ್ಲ, ಕಪ್ಪೆ ಇಲ್ಲ. ಗುಡ್ಡ ಬಗೆದಲ್ಲಿ ಕರಡಿಗೆ ಗವಿ ಇಲ್ಲ. ಸೂರ್ಯಕಾಂತಿ ಹೂವಾದಾಗ ಬೆಳಿಗ್ಗೆಯೇ ಔಷಧಿ ಹೊಡೆದರೆ ಜೇನು ಸಾಯುತ್ತೆ. ಜೇನು ಸತ್ತರೆ ತೆನೆಯಲ್ಲಿ ಕಾಳು ಜೊಳ್ಳು. ಹೂವಿನ ಕಾಲದಲ್ಲಿ ಹೊಡೆಯಲೇಬೇಕಾದರೆ ಜೇನು ಗೂಡು ಸೇರಿದ ಮೇಲೆ, ಸಂಜೆ ಹೊಡೆಯಿರಿ. ಧರ್ಮಕ್ಕೂ ಆಯಿತು, ಇಳುವರಿಗೂ ಆಯಿತು.

ನವಿಲಿನ ಮಾತು ಕಷ್ಟದ್ದು. ಬಿತ್ತಿದ ಕಡಲೆಕಾಯಿ ಬೀಜವನ್ನು ‘ನೆಮಲಿ’ ಹಿಂಡು ಕೆದಕಿ ತಿಂದಾಗ ಮಯೂರಾಸನದ ಹೊಗಳಿಕೆ ರೈತನ ಹೊಟ್ಟೆ ತುಂಬಿಸೋದಿಲ್ಲ. 1972ರ ವನ್ಯಜೀವಿ ಕಾಯಿದೆಯಂತೆ ನವಿಲು ಕೊಂದರೆ ಜೈಲು, ಅದು ಸರಿಯೇ. ಆದರೆ ದೇಶದ ಹಕ್ಕಿಯನ್ನು ಸಾಕುವ ಖರ್ಚು ಬಡ ರೈತನೊಬ್ಬನ ತಲೆಗೇ ಬಂದರೆ ಸರಿಯೇ? ಯೋಗ ದಿನಕ್ಕೆ ಚಾಪೆ ಹಾಸುವ ಸರ್ಕಾರಗಳು ಈ ಲೆಕ್ಕವನ್ನೂ ನೋಡಬೇಕು.

ಅಲ್ಲಿಯ ತನಕ ನಮ್ಮ ಕೈಲಾದದ್ದು ಇಷ್ಟು: ಕೆರೆಗೆ ಹೂಳು ತುಂಬದ ಹಾಗೆ, ಹುತ್ತಕ್ಕೆ ಗುದ್ದಲಿ ಬೀಳದ ಹಾಗೆ, ಬದುವಿನ ಮರಕ್ಕೆ ಕೊಡಲಿ ತಾಗದ ಹಾಗೆ ನೋಡಿಕೊಳ್ಳೋದು. ವೃಕ್ಷಾಸನ ಕಲಿತ ಮಗುವಿಗೆ ತೋರಿಸೋಕೆ ಊರಲ್ಲೊಂದು ಮರವಾದರೂ ಇರಬೇಕಲ್ಲ.