ಹೆಸರಿಡುವ ಮುನ್ನ

ಮಗು ಹುಟ್ಟಿದ ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುವುದು ನಮ್ಮ ಅನೇಕ ಮನೆಗಳ ರೂಢಿ. ಹೆಸರನ್ನು ಆರಿಸುವಾಗ ಹಿರಿಯರು ಮೊದಲು ನೋಡುವುದು ಜನ್ಮನಕ್ಷತ್ರವನ್ನು. ನಕ್ಷತ್ರಗಳು 27, ಒಂದೊಂದಕ್ಕೆ 4 ಪಾದಗಳು. ಹೀಗೆ 108 ಪಾದಗಳಿಗೂ ಪಂಚಾಂಗದಲ್ಲಿ ಒಂದೊಂದು ಅಕ್ಷರವುಂಟು. ರೋಹಿಣಿಯ ಅಕ್ಷರಗಳು ಒ, ವ, ವಿ, ವು. ಎರಡನೆಯ ಪಾದದಲ್ಲಿ ಹುಟ್ಟಿದವಳು ವನಜಾ ಆಗಬಹುದು. ಮೂರನೆಯ ಪಾದದವನು ವಿಶ್ವನಾಥನಾಗಬಹುದು. ಆರ್ದ್ರೆಗೆ ಕು, ಘ, ಙ, ಛ. ‘ಙ’ ಅಕ್ಷರದಿಂದ ಮೊದಲಾಗುವ ಹೆಸರೆಲ್ಲಿದೆ? ಆಗ ಬೇರೆ ಪಾದದ ಅಕ್ಷರವನ್ನೋ ಮನೆದೇವರ ಹೆಸರನ್ನೋ ಹಿಡಿಯುತ್ತಾರೆ.

ಚೀನಾ ದೇಶದಲ್ಲಿಯೂ ಇಂಥದೇ ಒಂದು ಸಂಪ್ರದಾಯವಿದೆ. ಅವರ ಪಂಚತತ್ತ್ವಗಳು ಮರ, ಬೆಂಕಿ, ಮಣ್ಣು, ಲೋಹ ಮತ್ತು ನೀರು. ಹುಟ್ಟಿದ ವರ್ಷ, ತಿಂಗಳು, ದಿನ, ವೇಳೆಗಳನ್ನು ಗುಣಿಸಿ, ಯಾವ ತತ್ತ್ವ ಕಡಿಮೆಯೋ ಅದನ್ನು ಹೆಸರಿನ ಅಕ್ಷರದಿಂದ ತುಂಬುತ್ತಾರೆ. ಮರದ ತತ್ತ್ವ ಸಾಲದಿದ್ದರೆ, ಮರದ ಚಿಹ್ನೆಯನ್ನು ಮೂರು ಸಲ ಕೂಡಿಸಿ ಬರೆದ ‘ಕಾಡು’ ಎಂಬ ಅಕ್ಷರವನ್ನು ಇಡಬಹುದು. ಚೀನೀ ಸಾಹಿತಿ ಲೂ ಶುನ್ 1921ರಲ್ಲಿ ಬರೆದ ಕಥೆಯೊಂದರಲ್ಲಿ ರುನ್‌ತು ಎಂಬ ರೈತನಿದ್ದಾನೆ. ಅಧಿಕಮಾಸದಲ್ಲಿ ಹುಟ್ಟಿದ್ದರಿಂದ ‘ರುನ್’. ಜಾತಕದಲ್ಲಿ ಮಣ್ಣಿನ ತತ್ತ್ವವಿಲ್ಲದ್ದರಿಂದ ‘ತು’, ಎಂದರೆ ಮಣ್ಣು.

ಕೊರತೆಯನ್ನು ಹೆಸರಿನಿಂದ ನೀಗುವ ಆಸೆ ನಮ್ಮವರಿಗೂ ಹೊಸದಲ್ಲ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ, ಮೃತ್ಯುವಿನ ಕಣ್ಣು ಬೀಳದಿರಲೆಂದು ತಿಪ್ಪೆಯ ಹೆಸರಿನಿಂದ ತಿಪ್ಪಯ್ಯ ಎಂದು ಕರೆಯುತ್ತಿದ್ದರು. ತಮಿಳರು ಕಸವೆಂಬ ಅರ್ಥದ ‘ಕುಪ್ಪೈ’ಯಿಂದ ಕುಪ್ಪಮ್ಮ ಎಂದರು. ಭಾಷೆ ಎರಡು, ತಾಯಿಯ ಭಯ ಒಂದೇ.

ಚೀನೀಯರಿಂದ ನಾವು ಕಲಿಯಬೇಕಾದ ವಿಷಯ ಮತ್ತೊಂದಿದೆ. ಅಲ್ಲಿ ಅರ್ಥವಿರುವುದು ಅಕ್ಷರದಲ್ಲಿ. ಸೂರ್ಯ ಚಂದ್ರರನ್ನು ಜೊತೆಯಾಗಿ ಬರೆದ ‘ಮಿಂಗ್’ ಎಂದರೆ ಬೆಳಕು. ಬೇರೆ ಅಕ್ಷರದ ‘ಮಿಂಗ್’ ಎಂದರೆ ಕೆತ್ತಿದ ಬರಹ. ಕಿವಿಗೆ ಎರಡೂ ಒಂದೇ. ಆದ್ದರಿಂದ ಹೆಸರು ಕೇಳಿದವರು “ಯಾವ ಅಕ್ಷರ?” ಎಂದು ಕೇಳಿ ತಿಳಿಯುತ್ತಾರೆ. ನಮ್ಮಲ್ಲಿಯೂ ಅಕ್ಷರ ತಪ್ಪಿದರೆ ಅರ್ಥ ತಪ್ಪುತ್ತದೆ. ಅನಿಲ ಗಾಳಿ, ಅನಲ ಬೆಂಕಿ!

ಜೂಜುವಾಡಿಯಂಥ ಗಡಿ ಊರಿನವರಾದ ನಮಗೆ ಈ ಎಚ್ಚರ ಇನ್ನಷ್ಟು ಬೇಕು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಹೊಸೂರು ಸೀಮೆ ಮದ್ರಾಸ್ ರಾಜ್ಯದಲ್ಲಿಯೇ ಉಳಿಯಿತು. ನಮ್ಮ ಮಕ್ಕಳ ಹೆಸರು ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು ಮತ್ತು ಇಂಗ್ಲಿಷ್ ಲಿಪಿಗಳಲ್ಲಿ ಸಂಚರಿಸುತ್ತದೆ. ತಮಿಳಿನಲ್ಲಿ ಪ, ಬ, ಭಗಳಿಗೆ ಒಂದೇ ಅಕ್ಷರ. ಕ, ಗಗಳಿಗೂ ಒಂದೇ. ಮಗುವೆಂಬ ಅರ್ಥದ ‘ಬಾಲನ್’, ಕಾಯುವವನೆಂಬ ಅರ್ಥದ ‘ಪಾಲನ್’ ಅಲ್ಲಿ ಒಂದೇ ರೂಪ ತಾಳುತ್ತವೆ. ಇದು ತಮಿಳಿನ ಕುಂದಲ್ಲ. ಆ ಲಿಪಿ ತನ್ನ ಮಾತಿಗೆ ತಕ್ಕಂತಿದೆ. ಇಂಗ್ಲಿಷಿನಲ್ಲಿ ‘ಲತಾ’ ಎಂಬುದನ್ನು ಒಬ್ಬರು ಬರಿಯ ‘ಟಿ’ಯಿಂದ ಬರೆದರೆ, ಇನ್ನೊಬ್ಬರು ‘ಎಚ್’ ಸೇರಿಸುತ್ತಾರೆ. ನಮ್ಮ ಊರಿನ ಹೆಸರೇ ಇಂಗ್ಲಿಷಿನಲ್ಲಿ ‘ಝಡ್’ ಅಕ್ಷರ ಹೊತ್ತು ನಿಂತಿದೆಯಲ್ಲ! ಜನನ ಪತ್ರದಲ್ಲಿ ಒಂದು, ಆಧಾರ್ ಚೀಟಿಯಲ್ಲಿ ಒಂದು, ಅಂಕಪಟ್ಟಿಯಲ್ಲಿ ಮತ್ತೊಂದು ರೀತಿ ಇದ್ದರೆ, ಮುಂದೆ ಅಲೆಯಬೇಕಾದವನು ಆ ಮಗುವೇ.

ಆದಕಾರಣ ಪೋಷಕರು ಅವಸರಪಡಬಾರದು. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ಹೆಸರಿಲ್ಲದೆಯೂ ಜನನವನ್ನು ನೋಂದಾಯಿಸಬಹುದು. ಹನ್ನೆರಡು ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರನ್ನು ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೆ ಸೇರುವುದು ಮೊದಲಾಗಿ ಅನೇಕ ಕೆಲಸಗಳಿಗೆ ಜನನ ಪತ್ರವೇ ಆಧಾರ. ನಕ್ಷತ್ರ ನೋಡಿರಿ, ಅಜ್ಜ ಅಜ್ಜಿಯರ ಹೆಸರು ನೆನೆಯಿರಿ. ಅನಂತರ ಆರಿಸಿದ ಹೆಸರನ್ನು ಒಂದು ಹಾಳೆಯಲ್ಲಿ ಮೂರು ಲಿಪಿಗಳಲ್ಲೂ ಬರೆದು, ಗಟ್ಟಿಯಾಗಿ ಓದಿಸಿ ನೋಡಿರಿ. ಒಪ್ಪಿದ ಬರವಣಿಗೆಯನ್ನೇ ಎಲ್ಲ ಪತ್ರಗಳಲ್ಲೂ ಕೊಡಿರಿ.

ವಿದ್ಯಾರ್ಥಿಗಳೇ, ಈ ರಜೆಯಲ್ಲಿ ನಿಮ್ಮ ಹೆಸರಿನ ಅರ್ಥವನ್ನೂ ಅದನ್ನು ಇಟ್ಟವರು ಯಾರೆಂಬುದನ್ನೂ ಮನೆಯಲ್ಲಿ ಕೇಳಿ ತಿಳಿಯಿರಿ. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ ಎಂಬ ಗಾದೆ ನಮ್ಮಲ್ಲಿದೆ. ಹೆಸರನ್ನು ಸರಿಯಾಗಿ ಬರೆಸುವುದು ಹೆತ್ತವರ ಕೆಲಸ. ಅದಕ್ಕೆ ತಕ್ಕಂತೆ ಬಾಳುವುದು ನಮ್ಮ ನಿಮ್ಮೆಲ್ಲರ ಕೆಲಸ.