ಹಡಗಿನಿಂದ ಇಳಿದ ಮಾತುಗಳು

ಸಮುದ್ರವನ್ನು ಕಣ್ಣಾರೆ ಕಾಣದವರ ಬಾಯಲ್ಲಿಯೂ ಸಮುದ್ರದ ಮಾತುಗಳು ಓಡಾಡುತ್ತವೆ. ಕಚೇರಿಯ ಮೇಜಿನ ಮೇಲಿನ ‘ಲಾಗ್ ಬುಕ್’, ಪೆಟ್ಟು ತಿಂದು ತೂರಾಡುವ ಮುಷ್ಟಿಮಲ್ಲನನ್ನು ಕುರಿತು ಹೇಳುವ ‘ಗ್ರಾಗಿ’—ಇವೆಲ್ಲ ಬ್ರಿಟಿಷರ ಹಾಯಿಹಡಗುಗಳಿಂದ ದಡಕ್ಕೆ ಇಳಿದವು. ಕೇಳುವುದಕ್ಕೆ ತಮಾಷೆಯಾಗಿಯೇ ಇವೆ. ಆದರೆ ಒಂದೊಂದರ ಬೆನ್ನು ಹಿಡಿದು ಹೋದರೆ ಸಾಮಾನ್ಯ ನಾವಿಕರ ರೋಗ, ದಣಿವು, ಹೊಟ್ಟೆಪಾಡುಗಳು ಎದುರಿಗೆ ಬಂದು ನಿಲ್ಲುತ್ತವೆ. ಅಡ್ಮಿರಲುಗಳ ಚರಿತ್ರೆ ಪುಸ್ತಕಗಳಲ್ಲಿದೆ. ಇವರ ಚರಿತ್ರೆ ಬಹುಮಟ್ಟಿಗೆ ಮಾತಿನಲ್ಲಿ ಉಳಿದಿದೆ.

ಮೊದಲು ಕೆಲಸದ ಮಾತುಗಳನ್ನೇ ನೋಡೋಣ. ಹಡಗಿನ ವೇಗವನ್ನು ‘ನಾಟ್’ ಎಂಬ ಮಾನದಲ್ಲಿ ಹೇಳುವುದನ್ನು ನೀವು ಕೇಳಿರಬಹುದು. ನಾಟ್ ಎಂದರೆ ಗಂಟು. ಹಿಂದೆ ಒಂದು ಮರದ ಹಲಗೆಗೆ ಹಗ್ಗ ಕಟ್ಟಿ ಹಡಗಿನ ಹಿಂಭಾಗದಿಂದ ನೀರಿಗೆ ಬಿಡುತ್ತಿದ್ದರು. ಹಗ್ಗದಲ್ಲಿ 47 ಅಡಿ 3 ಅಂಗುಲಕ್ಕೊಂದು ಗಂಟು. 28 ಸೆಕೆಂಡಿನ ಮರಳುಗಡಿಯಾರ ಖಾಲಿಯಾಗುವುದರೊಳಗೆ ಎಷ್ಟು ಗಂಟುಗಳು ಕೈಯಿಂದ ಜಾರಿದವೋ, ಹಡಗು ಗಂಟೆಗೆ ಅಷ್ಟು ನಾವಿಕ ಮೈಲಿ ಸಾಗುತ್ತಿದೆ ಎಂದು ಲೆಕ್ಕ. ಆ ಹಲಗೆಯ ಹೆಸರು ‘ಲಾಗ್’. ಲೆಕ್ಕ ಬರೆದಿಟ್ಟ ಪುಸ್ತಕವೇ ಲಾಗ್ ಬುಕ್. ನೀರಿನ ಆಳವನ್ನು ಹೇಳುವ ‘ಫ್ಯಾದಮ್’ ಕೂಡ ಹೀಗೆಯೇ. ಚಾಚಿದ ಎರಡು ತೋಳುಗಳ ಅಳತೆ, 6 ಅಡಿ. ನಮ್ಮ ಹಿರಿಯರು ಹಗ್ಗವನ್ನೂ ಹೂವನ್ನೂ ಅಳೆದ ‘ಮಾರು’ ಇದೇ ಅಲ್ಲವೇ?

ಹಡಗಿನ ಬಲಬದಿಗೆ ‘ಸ್ಟಾರ್‌ಬೋರ್ಡ್’ ಎಂದು ಹೆಸರು. ಹಿಂದೆ ಚುಕ್ಕಾಣಿಯ ಹುಟ್ಟು ಆ ಬದಿಯಲ್ಲಿ ಇರುತ್ತಿದ್ದುದರಿಂದ ಅದು ‘ಚುಕ್ಕಾಣಿಯ ಬದಿ’. ಎಡಬದಿಗೆ ‘ಲಾರ್‌ಬೋರ್ಡ್’ ಎನ್ನುತ್ತಿದ್ದರು. ಬಿರುಗಾಳಿಯ ಅಬ್ಬರದಲ್ಲಿ ಈ ಎರಡು ಕೂಗುಗಳು ಒಂದೇ ಬಗೆಯಾಗಿ ಕೇಳಿದರೆ ಏನು ಗತಿ? 1844ರಲ್ಲಿ ಬ್ರಿಟಿಷ್ ನೌಕಾಡಳಿತ ಎಡಬದಿಗೆ ‘ಪೋರ್ಟ್’ ಎಂದೇ ಹೇಳಬೇಕೆಂದು ಆಜ್ಞೆ ಮಾಡಿತು. ಶಬ್ದದ ಸ್ಪಷ್ಟತೆ ಅಲ್ಲಿ ಪ್ರಾಣದ ಪ್ರಶ್ನೆಯಾಗಿತ್ತು.

ಇನ್ನು ಊಟ ಪಾನದ ಮಾತು. ಹಡಗಿನ ಪೀಪಾಯಿಗಳಲ್ಲಿ ನೀರು ಬೇಗ ಕೆಡುತ್ತಿತ್ತು. ಆದ್ದರಿಂದ ನಾವಿಕರಿಗೆ ಬಿಯರನ್ನೋ ರಮ್ಮನ್ನೋ ಪಡಿಯಾಗಿ ಕೊಡುತ್ತಿದ್ದರು. ವೆಸ್ಟ್ ಇಂಡೀಸಿನಲ್ಲಿದ್ದ ಅಡ್ಮಿರಲ್ ಎಡ್ವರ್ಡ್ ವರ್ನನ್, ಕುಡಿತದಿಂದಾಗುವ ಅನಾಹುತಗಳನ್ನು ಕಂಡು, ರಮ್ಮಿಗೆ ನೀರು ಬೆರೆಸಿಯೇ ಕೊಡಬೇಕೆಂದು 1740ರಲ್ಲಿ ಆಜ್ಞೆ ಹೊರಡಿಸಿದ. ಆತ ‘ಗ್ರಾಗ್ರಮ್’ ಎಂಬ ಒರಟು ಬಟ್ಟೆಯ ನಿಲುವಂಗಿ ತೊಡುತ್ತಿದ್ದನಾಗಿ ನಾವಿಕರು ಅವನನ್ನು ‘ಮುದಿ ಗ್ರಾಗ್’ ಎಂದು ಕರೆಯುತ್ತಿದ್ದರು. ನೀರು ಬೆರೆತ ರಮ್ಮಿಗೂ ಅದೇ ಹೆಸರು ಅಂಟಿತು. ಅದು ತಲೆಗೇರಿದವನು ‘ಗ್ರಾಗಿ’ಯಾದ. ಈ ರಮ್ಮಿನ ಪಡಿ ನಿಂತುಹೋದದ್ದು 1970ರ ಜುಲೈ 31ರಂದು. ಅಂದು ಕೆಲವು ನಾವಿಕರು ತೋಳಿಗೆ ಕಪ್ಪುಪಟ್ಟಿ ಕಟ್ಟಿಕೊಂಡು ಶೋಕ ಆಚರಿಸಿದರು.

ಬ್ರಿಟಿಷರನ್ನು ಅಮೆರಿಕದವರು ‘ಲೈಮಿ’ ಎಂದು ಹಾಸ್ಯ ಮಾಡುವುದುಂಟು. ಅದರ ಹಿಂದೆ ಇರುವುದು ಸ್ಕರ್ವಿ ರೋಗ: ಒಸಡಿನಲ್ಲಿ ರಕ್ತ, ಹಲ್ಲುಗಳ ಸಡಿಲ, ಕೊನೆಗೆ ಮರಣ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ 12 ಮಂದಿ ರೋಗಿಗಳಿಗೆ ಇಬ್ಬಿಬ್ಬರಂತೆ ಬೇರೆ ಬೇರೆ ಪಥ್ಯ ಕೊಟ್ಟು ನೋಡಿದ. ಕಿತ್ತಳೆ ಮತ್ತು ಲೆಮನ್ ತಿಂದ ಇಬ್ಬರೂ ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. ಆದರೂ ನೌಕಾಪಡೆ ಲೆಮನ್ ರಸವನ್ನು ಕ್ರಮವಾಗಿ ಒದಗಿಸಲು ತೊಡಗಿದ್ದು 1795ರಲ್ಲಿ! ಮುಂದೆ ಲೆಮನ್ ಬದಲಿಗೆ ವೆಸ್ಟ್ ಇಂಡೀಸಿನ ಲೈಮ್ ಹಣ್ಣಿನ ರಸ ಬಂತು. ಅದರಲ್ಲಿ ‘ಸಿ’ ಜೀವಸತ್ವ ಕಡಿಮೆ. ಹೀಗೆ ಗುಣ ಕಡಿಮೆಯ ಹಣ್ಣೇ ಹೆಸರನ್ನು ಗಳಿಸಿಕೊಂಡಿತು.

ಎಲ್ಲ ಹಾಸ್ಯವೂ ಹಗುರವಲ್ಲ. 1867ರಲ್ಲಿ ಇಂಗ್ಲೆಂಡಿನ ಆಲ್ಟನ್ ಪಟ್ಟಣದಲ್ಲಿ ಫ್ಯಾನಿ ಆಡಮ್ಸ್ ಎಂಬ 8 ವರ್ಷದ ಬಾಲೆ ಕ್ರೂರವಾಗಿ ಕೊಲೆಯಾದಳು. ಆ ಕಾಲದಲ್ಲಿಯೇ ನಾವಿಕರಿಗೆ ಡಬ್ಬಿಯ ಕುರಿಮಾಂಸ ಬರತೊಡಗಿತ್ತು. ಅದರ ರುಚಿಗೆ ರೋಸಿಹೋದ ನಾವಿಕರು ಆ ಮಾಂಸಕ್ಕೆ ಅವಳ ಹೆಸರಿಟ್ಟರು. ಕ್ರಮೇಣ ಆ ಹೆಸರಿಗೆ ‘ಏನೂ ಇಲ್ಲ’ ಎಂಬ ಅರ್ಥ ಬಂತು. ಆ ಮಾತನ್ನು ಆಡುವವರಲ್ಲಿ ಎಷ್ಟು ಮಂದಿಗೆ ಆ ಮಗುವಿನ ನೆನಪಿದ್ದೀತು?

ನಾವಿಕರ ಕಥೆಗಳನ್ನೆಲ್ಲ ನಂಬುವಂತೆಯೂ ಇಲ್ಲ. ಇಂಡಿಯಾಕ್ಕೆ ಬರುವಾಗ ಎಡಬದಿ, ಹಿಂದಿರುಗುವಾಗ ಬಲಬದಿ ಎಂದು ನೆರಳಿನ ಕೋಣೆ ಹಿಡಿದ ಸಿರಿವಂತರಿಂದ ‘ಪಾಶ್’ ಎಂಬ ಪದ ಹುಟ್ಟಿತು ಎನ್ನುತ್ತಾರೆ. ಅದಕ್ಕೆ ಆಧಾರವಿಲ್ಲ. ನಾವಿಕರ ಕೊರಳಪಟ್ಟಿಯ ಮೂರು ಬಿಳಿ ಗೆರೆಗಳು ನೆಲ್ಸನ್ನನ ಮೂರು ವಿಜಯಗಳ ಗುರುತು ಎಂಬುದೂ ಬರಿಯ ಕಟ್ಟುಕಥೆ.

ಈ ಭಾಷೆಯಲ್ಲಿ ನಮ್ಮವರ ಪಾಲೂ ಇದೆ. ಬ್ರಿಟಿಷ್ ನಾವಿಕರಿಗೆ ಬಟ್ಟೆ ಒಗೆಯುವುದೇ ‘ದೋಬಿ’. ಸಣ್ಣ ದೋಣಿಯಾದ ‘ಡಿಂಗಿ’ ಉತ್ತರ ಭಾರತದ ನುಡಿಗಳದು. ‘ಕ್ಯಾಟಮರಾನ್’ ತಮಿಳರ ಕಟ್ಟುಮರ. ಭಾರತದ ಖಲಾಸಿಗಳನ್ನು ಅವರು ‘ಲಾಸ್ಕರ್’ ಎಂದರು. ಮೂಲ, ನಮಗೂ ಪರಿಚಿತವಾದ ‘ಲಷ್ಕರ್’. ಈ ಖಲಾಸಿಗಳು ಬಿಳಿಯರಿಗಿಂತ ಕಡಿಮೆ ಸಂಬಳಕ್ಕೆ ಅವರ ವ್ಯಾಪಾರಿ ಹಡಗುಗಳಲ್ಲಿ ದುಡಿದರು. ಅವರಿಗೆ ಆಜ್ಞೆ ಕೊಡಬೇಕಾದ ಅಧಿಕಾರಿಗಳಿಗಾಗಿ 1811ರಲ್ಲಿ ಕಲ್ಕತ್ತೆಯಲ್ಲಿ ಹಡಗಿನ ಶಬ್ದಗಳ ಇಂಗ್ಲಿಷ್–ಹಿಂದೂಸ್ತಾನಿ ಕೋಶವೇ ಅಚ್ಚಾಯಿತು.

ದುಡಿದವರಲ್ಲಿ ಬಹುಮಂದಿಯ ಹೆಸರು ಯಾವ ಶಿಲೆಯ ಮೇಲೂ ಇಲ್ಲ. ಅವರು ಆಡಿದ ಮಾತು ಮಾತ್ರ ಸಮುದ್ರ ದಾಟಿ, ನಿಘಂಟು ಸೇರಿ, ನಮ್ಮ ನಿಮ್ಮ ಬಾಯಿಗೂ ಬಂದಿದೆ. ಮುಂದೆ ಇಂಥದೊಂದು ಪದ ಕಿವಿಗೆ ಬಿದ್ದಾಗ, ಅದನ್ನು ಮೊದಲು ಆಡಿದವನು ಏನನ್ನು ಉಂಡಿದ್ದ, ಎಷ್ಟು ದಣಿದಿದ್ದ ಎಂದು ಒಂದು ಕ್ಷಣ ಕೇಳಿಕೊಳ್ಳಬಹುದು.